ಮೂಕರೋಗಿಯ ಶುಶ್ರೂಷೆ

ಇಲಿಯೆಂದೊಡನೆ ರೈತನ ಹುಬ್ಬು ಗಂಟಿಕ್ಕುತ್ತದೆ. ವರ್ಷವೆಲ್ಲ ದುಡಿದು ಕಣಜ ತುಂಬಿದ ಕಾಳನ್ನು ಅದು ಒಂದೇ ತಿಂಗಳಲ್ಲಿ ಸೂರೆ ಮಾಡಬಲ್ಲುದು. ಗಣಪತಿಯ ವಾಹನವೆಂದು ಚೌತಿಯ ದಿನ ಕೈಮುಗಿದ ಮನೆಯಲ್ಲಿಯೇ ಮರುದಿನ ಅದಕ್ಕಾಗಿ ಬೋನು ಸಿದ್ಧವಾಗುತ್ತದೆ. ಇಂತಹ ಪ್ರಾಣಿಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಕರೆಯಿಂದ ಸಾಕುವವರೂ ಉಂಟು.

ಈ ಹವ್ಯಾಸ ಬೇರೂರಿದುದು ಇಂಗ್ಲೆಂಡಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಇಲಿ ಹಿಡಿಯುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಜ್ಯಾಕ್ ಬ್ಲ್ಯಾಕ್ ಎಂಬಾತನು, ಅಪರೂಪದ ಬಣ್ಣದ ಇಲಿಗಳು ಸಿಕ್ಕಾಗ ಕೊಲ್ಲದೆ ಸಾಕಿ, ಅವುಗಳ ಸಂತಾನವನ್ನು ಮಾರುತ್ತಿದ್ದನು. ಮಕ್ಕಳ ಕಥೆಗಳಿಂದ ಪ್ರಸಿದ್ಧಳಾದ ಬಿಯಾಟ್ರಿಕ್ಸ್ ಪಾಟರ್ 1908ರಲ್ಲಿ ತನ್ನ ಒಂದು ಪುಸ್ತಕವನ್ನು ತಾನು ಸಾಕಿದ್ದ ಸ್ಯಾಮಿ ಎಂಬ ಇಲಿಯ ನೆನಪಿಗೆ ಅರ್ಪಿಸಿದಳು. 1976ರಲ್ಲಿ ಸಾಕಿಲಿಗಳಿಗಾಗಿಯೇ ಅಲ್ಲಿ ಒಂದು ರಾಷ್ಟ್ರೀಯ ಸಂಘವೂ ಹುಟ್ಟಿತು. ಸಾಕಿದವರನ್ನು ಗುರುತಿಸುವ, ಕರೆದರೆ ಬರುವ ಈ ಜಾಣ ಪ್ರಾಣಿಯ ಆಯುಸ್ಸು ಎರಡು ಮೂರು ವರ್ಷ ಮಾತ್ರ. ಆ ಅಲ್ಪಾಯುಸ್ಸಿನಲ್ಲಿಯೂ ಅದಕ್ಕೆ ಒದಗಬಹುದಾದ ದೊಡ್ಡ ಕಂಟಕವೊಂದು ಅದರ ಬಾಯಲ್ಲಿಯೇ ಇದೆ.

ಇಲಿಯ ಬಾಯಲ್ಲಿ 16 ಹಲ್ಲುಗಳಿರುತ್ತವೆ. ಮುಂದೆ ಮೇಲೆರಡು, ಕೆಳಗೆರಡು ಬಾಚಿಹಲ್ಲುಗಳು. ಹಿಂದೆ ಹನ್ನೆರಡು ದವಡೆಹಲ್ಲುಗಳು. ಕೋರೆಹಲ್ಲುಗಳಿರಬೇಕಾದ ಎಡೆ ಬರಿದಾಗಿರುತ್ತದೆ. ದವಡೆಹಲ್ಲುಗಳು ಒಮ್ಮೆ ಬೆಳೆದು ನಿಲ್ಲುತ್ತವೆ. ಬಾಚಿಹಲ್ಲುಗಳಾದರೋ ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಅವುಗಳ ಬೆಳವಣಿಗೆ ವಾರಕ್ಕೆ ಸುಮಾರು ಎರಡರಿಂದ ಮೂರು ಮಿಲಿಮೀಟರ್. ಸವೆಯದೆ ಹೋದರೆ ಒಂದು ವರ್ಷದಲ್ಲಿ ಅವು ಹತ್ತು ಸೆಂಟಿಮೀಟರಿಗೂ ಮಿಕ್ಕಿ ಬೆಳೆದಾವು! ಆದರೆ ಪ್ರಕೃತಿಯೇ ಇದಕ್ಕೆ ಉಪಾಯವನ್ನು ಕಲ್ಪಿಸಿದೆ. ಬಾಚಿಹಲ್ಲಿನ ಮುಂಭಾಗಕ್ಕೆ ಮಾತ್ರ ಎನಾಮಲ್ ಎಂಬ ಗಟ್ಟಿ ಹೊದಿಕೆಯಿದೆ. ಅದರಲ್ಲಿರುವ ಕಬ್ಬಿಣದ ಅಂಶದಿಂದ ಹಲ್ಲು ಅರಿಸಿನ ಬಣ್ಣ ತಾಳುತ್ತದೆ. ಹಿಂಭಾಗ ಮೆದು. ಮೇಲಿನ ಹಲ್ಲು ಕೆಳಗಿನದಕ್ಕೆ ಉಜ್ಜಿದಾಗ ಮೆದುಭಾಗ ಬೇಗ ಸವೆದು, ಗಟ್ಟಿಭಾಗ ಬಡಗಿಯ ಉಳಿಯಂತೆ ಹರಿತವಾಗಿ ಉಳಿಯುತ್ತದೆ.

ಈ ಏರ್ಪಾಡೆಲ್ಲ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂಡಿದಾಗ ಮಾತ್ರ ನಡೆಯುತ್ತದೆ. ಹುಟ್ಟಿನಿಂದ ಬಂದ ದವಡೆಯ ಓರೆ, ಎತ್ತರದಿಂದ ಬಿದ್ದ ಪೆಟ್ಟು, ಗೂಡಿನ ಸರಳನ್ನು ಕಚ್ಚಿ ಮುರಿದ ಹಲ್ಲು, ಬೇರಿನಲ್ಲಿ ಸೇರಿದ ಕೀವು, ಇವುಗಳಲ್ಲಿ ಒಂದು ಸಾಕು, ಜೋಡಿ ತಪ್ಪುತ್ತದೆ. ಆಗ ಮೇಲಿನ ಹಲ್ಲು ಒಳಕ್ಕೆ ಬಾಗಿ ಅಂಗುಳನ್ನು ಚುಚ್ಚಬಹುದು. ಕೆಳಗಿನದು ಮೇಲಕ್ಕೆ ಬೆಳೆದು ಬಾಯಿ ಮುಚ್ಚದಂತೆ ಮಾಡಬಹುದು. ಬದುಕಿಗೆ ಆಧಾರವಾಗಿದ್ದ ಹಲ್ಲೇ ಕಡೆಗೆ ಪ್ರಾಣಿಯನ್ನು ಉಪವಾಸ ಕೆಡವುತ್ತದೆ.

ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದು. ಆಹಾರದ ಬಳಿಗೆ ಆಸೆಯಿಂದ ಹೋಗುತ್ತದೆ; ತುಣುಕನ್ನು ಕೈಗೆತ್ತಿಕೊಂಡು ಮತ್ತೆ ಬಿಟ್ಟುಬಿಡುತ್ತದೆ. ಗಲ್ಲ ಜೊಲ್ಲಿನಿಂದ ಒದ್ದೆಯಾಗಿರುತ್ತದೆ. ಕಣ್ಣು ಮೂಗುಗಳ ಸುತ್ತ ರಕ್ತದಂತೆ ಕಾಣುವ ಕೆಂಪು ಕಲೆಗಳು ಮೂಡಬಹುದು. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಸ್ರಾವ, ಬಳಲಿಕೆಯ ಗುರುತು. ನೋವಿನಲ್ಲಿರುವ ಇಲಿಯ ಕಣ್ಣು ಕಿರಿದಾಗುವುದನ್ನೂ ಕಿವಿ ಮಡಿಚಿಕೊಳ್ಳುವುದನ್ನೂ ಗಮನಿಸಿ, ಕೆನಡಾದ ವಿಜ್ಞಾನಿಗಳು 2011ರಲ್ಲಿ ಅದರ ಮುಖದಿಂದಲೇ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಆದರೆ ಎಲ್ಲಕ್ಕಿಂತ ನಂಬತಕ್ಕ ಸಾಕ್ಷಿ ತಕ್ಕಡಿ. 300 ಗ್ರಾಂ ತೂಗುವ ಇಲಿ 30 ಗ್ರಾಂ ಕರಗಿತೆಂದರೆ, 60 ಕಿಲೋಗ್ರಾಂ ತೂಗುವ ಮನುಷ್ಯ 6 ಕಿಲೋಗ್ರಾಂ ಕಳೆದುಕೊಂಡಂತೆ.

ಹಲ್ಲು ಬೆಳೆದಿದೆಯೆಂದು ಕೆಲವರು ಉಗುರು ಕತ್ತರಿಸುವ ಸಾಧನದಿಂದ ತಾವೇ ಕತ್ತರಿಸಹೋಗುವುದುಂಟು. ಇದು ಅಪಾಯಕರ. ಹಲ್ಲು ಉದ್ದಕ್ಕೆ ಸೀಳಿ, ಬೇರಿನವರೆಗೂ ಬಿರುಕು ಹೋಗಬಹುದು. ಪಶುವೈದ್ಯರು ಸಣ್ಣ ಯಂತ್ರದಿಂದ ಅದನ್ನು ಸವೆಸಿ ಸಮಮಾಡುತ್ತಾರೆ. ಕೆಲವು ವಾರಗಳಿಗೊಮ್ಮೆ ಈ ಕೆಲಸ ಮರುಕಳಿಸಬೇಕಾಗುತ್ತದೆ. ಕೀವು ಸೇರಿದ್ದರೆ ಅಥವಾ ತೊಂದರೆ ನಿಲ್ಲದಿದ್ದರೆ ಹಲ್ಲನ್ನೇ ಕೀಳಬೇಕಾಗಬಹುದು. ಬಾಚಿಹಲ್ಲಿನ ಬೇರು ಬಿಲ್ಲಿನಂತೆ ಬಾಗಿ ದವಡೆಯೊಳಗೆ ಬಹುದೂರ ಹೋಗಿರುತ್ತದೆ. ದವಡೆಯ ಮೂಳೆಯೋ ಬಹಳ ತೆಳು. ಆದುದರಿಂದ ಈ ಶಸ್ತ್ರಚಿಕಿತ್ಸೆಗೆ ಅರಿವಳಿಕೆಯೂ ನುರಿತ ಕೈಯೂ ಬೇಕು. ಮನುಷ್ಯರನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಉಪವಾಸವಿಡುತ್ತಾರೆ. ಅರಿವಳಿಕೆಯಲ್ಲಿ ವಾಂತಿಯಾಗಿ ಉಸಿರುಗಟ್ಟಬಾರದೆಂದು. ಇಲಿ ವಾಂತಿ ಮಾಡಲಾರದು. ಅದರ ಪುಟ್ಟ ದೇಹದಲ್ಲಿ ಶಕ್ತಿಯ ದಾಸ್ತಾನೂ ಅತ್ಯಲ್ಪ. ದೀರ್ಘ ಉಪವಾಸ ಅದಕ್ಕೆ ರಕ್ಷೆಯಲ್ಲ, ಕೇಡು.

ವೈದ್ಯರ ಕೆಲಸ ಮುಗಿದ ಬಳಿಕ ಸಾಕಿದವರ ಕೆಲಸ ಮೊದಲಾಗುತ್ತದೆ. ಪುಟ್ಟ ದೇಹ ಬೇಗನೆ ತಣ್ಣಗಾಗುತ್ತದೆ. ಆದ್ದರಿಂದ ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಗೂಡಿನ ಒಂದು ಬದಿಗೆ ಮಾತ್ರ ಇಡಬೇಕು. ಸೆಕೆಯೆನಿಸಿದರೆ ಪ್ರಾಣಿ ಇನ್ನೊಂದು ಬದಿಗೆ ಸರಿದುಕೊಂಡೀತು. ಗಾಯಕ್ಕೆ ಅಂಟುವ ಮರದ ಹೊಟ್ಟಿಗೆ ಬದಲಾಗಿ ಕಾಗದವನ್ನೋ ಬಟ್ಟೆಯನ್ನೋ ಹಾಸಬೇಕು. ನೀರಿನಲ್ಲಿ ನೆನೆಸಿ ಕಿವುಚಿದ ಆಹಾರ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಇವನ್ನು ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ತಾನಾಗಿ ತಿನ್ನದಿದ್ದರೆ ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಬದಿಯಲ್ಲಿ ಹನಿಹನಿಯಾಗಿ ಹಾಕಬೇಕು. ಅವಸರಪಟ್ಟರೆ ಅದು ಶ್ವಾಸಕೋಶವನ್ನು ಸೇರೀತು. ನೋವಿನ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು. ಪ್ರತಿದಿನ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಬೇಕು. ಇಲಿ ಸಂಘಜೀವಿ, ಒಂಟಿತನವೂ ಅದಕ್ಕೊಂದು ರೋಗವೇ. ಗಾಯ ಮಾಗುತ್ತಲೇ, ವೈದ್ಯರ ಅನುಮತಿ ಪಡೆದು, ಅದನ್ನು ಜೊತೆಗಾರರೊಡನೆ ಬಿಡಬೇಕು. ಬಾಚಿಹಲ್ಲಿಲ್ಲದ ಇಲಿಯೂ ಆಹಾರವನ್ನು ಚಿಕ್ಕ ಚೂರುಗಳಾಗಿ ಕೊಟ್ಟರೆ ದವಡೆಹಲ್ಲುಗಳಿಂದಲೇ ಅಗಿದು ಬದುಕಬಲ್ಲುದು.

ಇಷ್ಟು ಚಿಕ್ಕ ಜೀವಕ್ಕೆ ಇಷ್ಟೊಂದು ಶ್ರಮವೇಕೆಂದು ಕೇಳುವವರಿದ್ದಾರೆ. ಎರಡೂವರೆ ವರ್ಷ ಬಾಳುವ ಇಲಿಗೆ ಎರಡು ವಾರವೆಂದರೆ, ಎಪ್ಪತ್ತು ವರ್ಷ ಬಾಳುವ ಮನುಷ್ಯನಿಗೆ ಒಂದು ವರ್ಷಕ್ಕೂ ಮಿಗಿಲು. ಅಷ್ಟು ಕಾಲದ ನೋವನ್ನು ಯಾರೂ ಅಲ್ಪವೆನ್ನಲಾರರು. ಕಾಡಿನ ಪ್ರಾಣಿ ತನ್ನ ಪಾಡನ್ನು ತಾನೇ ನೋಡಿಕೊಳ್ಳುತ್ತದೆ. ಗೂಡಿನಲ್ಲಿಟ್ಟ ಪ್ರಾಣಿಗೆ ಇಟ್ಟವರಲ್ಲದೆ ಬೇರೆ ಗತಿಯಿಲ್ಲ. ಸಾಕುವುದೆಂದರೆ ಮುದ್ದಿಸುವುದಷ್ಟೇ ಅಲ್ಲ. ಹೇಳಲಾರದ ನೋವನ್ನು ನೋಡಿ ತಿಳಿಯುವುದು.

ಅಭ್ಯಾಸ

1. ಇಲಿಯ ಬಾಚಿಹಲ್ಲು ಉಳಿಯಂತೆ ಹರಿತವಾಗಿ ಉಳಿಯುವುದು ಹೇಗೆ?
2. ಹಲ್ಲುಗಳ ಜೋಡಿ ತಪ್ಪಲು ಕಾರಣಗಳಾವುವು?
3. 'ಎಲ್ಲಕ್ಕಿಂತ ನಂಬತಕ್ಕ ಸಾಕ್ಷಿ ತಕ್ಕಡಿ.' ಈ ಮಾತನ್ನು ವಿವರಿಸಿರಿ.
4. ಶಸ್ತ್ರಚಿಕಿತ್ಸೆಗೆ ಮುಂಚೆ ಇಲಿಯನ್ನು ದೀರ್ಘಕಾಲ ಉಪವಾಸವಿಡಬಾರದು, ಏಕೆ?
5. ನಿಮ್ಮ ಮನೆಯ ದನಕರುಗಳಿಗೋ ಬೇರೆ ಸಾಕುಪ್ರಾಣಿಗಳಿಗೋ ಕಾಯಿಲೆಯಾದಾಗ ಕಾಣುವ ಗುರುತುಗಳನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ.