ವೃದ್ಧಾಶ್ರಮದ ಅಡುಗೆಮನೆ

ಪ್ರಶ್ನೆ: ನಮ್ಮ ತಾಯಿಯವರು ವೃದ್ಧಾಶ್ರಮವೊಂದರಲ್ಲಿದ್ದಾರೆ. ರಾತ್ರಿ ಉಳಿದ ಅನ್ನವನ್ನು ಅಲ್ಲಿ ಬೆಳಿಗ್ಗೆ ಚಿತ್ರಾನ್ನ ಮಾಡಿ ಬಡಿಸುತ್ತಾರೆ. ಈಚೆಗೆ ಅದನ್ನು ಉಂಡ ಹಲವರಿಗೆ ಎರಡು ಗಂಟೆಯೊಳಗೆ ವಾಂತಿಯಾಯಿತು. ಒಗ್ಗರಣೆಯಲ್ಲಿ ಚೆನ್ನಾಗಿ ಬಿಸಿಮಾಡಿದ ಮೇಲೆ ದೋಷವೆಲ್ಲಿಯದು ಎನ್ನುತ್ತಾರೆ ಅಡುಗೆಯವರು. ಇದು ಸರಿಯೆ? ನಾವು ಏನನ್ನು ವಿಚಾರಿಸಬೇಕು?

ಉತ್ತರ: ಬೆಂಕಿಯ ಕಾವು ಸಕಲ ದೋಷಗಳನ್ನೂ ನೀಗುವುದೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದ್ದರೂ, ಅನ್ನದ ವಿಷಯದಲ್ಲಿ ಅದು ಅರ್ಧಸತ್ಯವಷ್ಟೆ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿದು, ಅನ್ನವು ತಪ್ಪಲೆಯಲ್ಲಿ ಬೆಚ್ಚಗೆ ಇರುಳು ಕಳೆಯುವಾಗ ಮೊಳೆತು ವೃದ್ಧಿಹೊಂದಿ, ವಾಂತಿಕಾರಕವಾದ ವಿಷವೊಂದನ್ನು ಉತ್ಪಾದಿಸುತ್ತವೆ. ಆ ವಿಷವು ಮರುದಿನದ ಒಗ್ಗರಣೆಯ ಕಾವಿಗೆ ನಾಶವಾಗತಕ್ಕದ್ದಲ್ಲ. ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ತಲೆದೋರುವುದು ಇದರ ಲಕ್ಷಣವಾದ್ದರಿಂದ, ನೀವು ಬರೆದ ಸಂಗತಿಗೆ ಇದು ಕಾರಣವಾಗಿರುವ ಸಂಭವವುಂಟು. ಆದರೆ ಅಡುಗೆಯವರ ಕೈಯ ಕೀವುಗಾಯದಿಂದ ಆಹಾರಕ್ಕೆ ಸೇರುವ ಸ್ಟಫಿಲೊಕಾಕಸ್ ಸೂಕ್ಷ್ಮಾಣುವಿನ ವಿಷವೂ ಹೀಗೆಯೇ ವರ್ತಿಸುವುದು.

ಯುವಕರಲ್ಲಿ ಸಾಮಾನ್ಯವಾಗಿ ಒಂದು ದಿನದಲ್ಲಿ ಶಮನವಾಗುವ ಈ ಬಾಧೆಯನ್ನು ವೃದ್ಧರಲ್ಲಿ ಲಘುವೆಂದೆಣಿಸಲಾಗದು. ಅವರಿಗೆ ಬಾಯಾರಿಕೆಯ ಅರಿವು ಕ್ಷೀಣಿಸಿರುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರವರ್ಧಕ ಮಾತ್ರೆ ಸೇವಿಸುವವರಲ್ಲಂತೂ ಅಲ್ಪ ವಾಂತಿಭೇದಿಗಳೂ ದೇಹದ ದ್ರವಾಂಶವನ್ನು ಬೇಗನೆ ಕುಗ್ಗಿಸಿ ಮೂತ್ರಪಿಂಡಗಳಿಗೆ ಹಾನಿಯನ್ನು ತರಬಲ್ಲವು.

ಆದುದರಿಂದ, ರಾತ್ರಿಯ ಅಡುಗೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಉಳಿದುದು ಎಲ್ಲಿರುತ್ತದೆ ಎಂಬುದನ್ನು ಮೊದಲು ಕೇಳಿರಿ. ಬೆಂದ ಆಹಾರವು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ಉಳಿಸುವುದಾದರೆ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ 5 ಡಿಗ್ರಿಗಿಂತ ತಂಪಾದ ಫ್ರಿಜ್ಜಿಗೆ ಸೇರಿಸಬೇಕು. ಕೊಳಗದಲ್ಲಿ ನಿಧಾನವಾಗಿ ಆರುವ ಸಾಂಬಾರಿಗೂ ಇದೇ ನಿಯಮ. ಕೈತೊಳೆಯುವ ಸ್ಥಳದಲ್ಲಿ ಸಾಬೂನಿದೆಯೆ, ಭೇದಿಯಾದ ಅಡುಗೆಯವರನ್ನು ಕೆಲಸದಿಂದ ದೂರವಿರಿಸುವರೆ ಎಂಬುದನ್ನೂ ನೋಡಿರಿ. 2006ರ ಆಹಾರ ಸುರಕ್ಷತೆ ಕಾಯ್ದೆಯ ನಿಯಮಗಳು ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆಯನ್ನು ವಿಧಿಸಿವೆ. ಅದರ ದಾಖಲೆಯನ್ನು ಕೇಳಲು ಸಂಕೋಚಪಡಬೇಡಿ.

ವಾಂತಿಯಾದವರಿಗೆ ಓಆರ್‌ಎಸ್ ದ್ರಾವಣವನ್ನು ಗುಟುಕುಗುಟುಕಾಗಿ ಕುಡಿಸಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದವರಿಗೆ ವೈದ್ಯರ ಸಲಹೆ ಪಡೆದು ಕೊಡುವುದು ಲೇಸು. ಮಂಪರು, ಮೂತ್ರದ ಕೊರತೆ, ಮಲದಲ್ಲಿ ರಕ್ತ ಕಂಡೊಡನೆ ಆಸ್ಪತ್ರೆಗೆ ಒಯ್ಯಿರಿ. ಇನ್ನು ಹಿರಿಯರಿಗೆ ಚಿತ್ರಾನ್ನವನ್ನು ನಿಷೇಧಿಸಬೇಕಾಗಿಲ್ಲ. ಅದಕ್ಕೆ ಬೇಕಾದ ಅನ್ನವನ್ನು ಬೆಳಿಗ್ಗೆಯೇ ಮಾಡಿಸಿರಿ.