ಜಠರದ ಸೋಂಕು: ಮದ್ದು ಯಾರಿಗೆ, ಹೇಗೆ?

ಶಹಾಬಾದ್ ಕಲ್ಲಿನ ಚೂರೊಂದನ್ನು ಕೆರೆದು, ಉದುರಿದ ಪುಡಿಯ ಮೇಲೆ ನಿಂಬೆಯ ರಸವನ್ನು ಹನಿಸಿದರೆ ಸಣ್ಣ ಗುಳ್ಳೆಗಳು ಏಳುವುದನ್ನು ಕಾಣಬಹುದು. ಅದು ಸುಣ್ಣಕಲ್ಲು, ಆಮ್ಲ ತಗುಲಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಆಮ್ಲದ ಬಲವೂ ಅಷ್ಟರಮಟ್ಟಿಗೆ ಕುಂದುತ್ತದೆ. ವಾಡಿ, ಸೇಡಂ, ಚಿತ್ತಾಪುರಗಳ ಸಿಮೆಂಟಿಗೆ ಮೂಲವೂ ಈ ಸುಣ್ಣಕಲ್ಲೇ. ನಮ್ಮ ಜಠರದಲ್ಲಿ ಒಸರುವ ಹೈಡ್ರೋಕ್ಲೋರಿಕ್ ಆಮ್ಲವಾದರೋ ನಿಂಬೆರಸಕ್ಕಿಂತ ತೀಕ್ಷ್ಣವಾದುದು. ಅಂಥ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲೆಸಲಾರದೆಂದು ವೈದ್ಯರು ಬಹುಕಾಲ ನಂಬಿದ್ದರು. ಜಠರದ ಹುಣ್ಣಿಗೆ ಚಿಂತೆ, ಖಾರ ಇವೇ ಕಾರಣವೆನ್ನುತ್ತಿದ್ದರು. ಜೋಳದ ರೊಟ್ಟಿಯೊಡನೆ ಮೆಣಸಿನಕಾಯಿಯ ಚಟ್ನಿಯನ್ನು ಸವಿಯುವ ನಮ್ಮ ಸೀಮೆಯವರ ಮೇಲೆ ಈ ಅಪವಾದವನ್ನು ಹೊರಿಸುವುದು ಸುಲಭವಾಗಿತ್ತು!

ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ನಂಬಿಕೆಯನ್ನು ಅಲುಗಿಸಿದರು. ರೋಗಿಗಳ ಜಠರದ ಒಳಪೊರೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಗಳನ್ನು ವಾರೆನ್ ಕಂಡಿದ್ದರು. ಅವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಯತ್ನಗಳು ಮಾತ್ರ ಫಲಿಸಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದುಹೋದವು. ಆಗ ಜೀವಿ ಬೆಳೆದಿತ್ತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಈ ಜೀವಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

ಆಮ್ಲದಲ್ಲಿ ಇದು ಬದುಕುವ ಬಗೆ ಸ್ವಾರಸ್ಯವಾದುದು. ಯೂರಿಯೇಸ್ ಎಂಬ ಕಿಣ್ವದಿಂದ ಇದು ಜಠರದಲ್ಲಿರುವ ಯೂರಿಯವನ್ನು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಸುಣ್ಣಕಲ್ಲು ನಿಂಬೆರಸಕ್ಕೆ ಮಾಡಿದುದನ್ನೇ ಅಮೋನಿಯವು ಜಠರಾಮ್ಲಕ್ಕೆ ಮಾಡುತ್ತದೆ. ಇನ್ನು ಹೊರಬಿದ್ದ ಇಂಗಾಲದ ಡೈಆಕ್ಸೈಡ್ ರಕ್ತದ ಮೂಲಕ ಉಸಿರಿಗೆ ಬರುತ್ತದೆ. ಆದುದರಿಂದ ಗುರುತಿನ ಇಂಗಾಲವುಳ್ಳ ಯೂರಿಯವನ್ನು ಕುಡಿಸಿ ಉಸಿರನ್ನು ಪರೀಕ್ಷಿಸಿದರೆ ಜೀವಿ ಒಳಗಿದೆಯೇ ಎಂಬುದು ತಿಳಿಯುತ್ತದೆ. ಮಲಪರೀಕ್ಷೆಯೂ ಉಂಟು. ರಕ್ತಪರೀಕ್ಷೆಯನ್ನು ನೆಚ್ಚುವಂತಿಲ್ಲ, ಸೋಂಕು ಹೋದ ಮೇಲೂ ಪ್ರತಿಕಾಯಗಳು ಬಹುಕಾಲ ಉಳಿಯುತ್ತವೆ.

ಹಾಗಾದರೆ ಎಲ್ಲರನ್ನೂ ಹುಡುಕಿ ಮದ್ದು ಕೊಡಬೇಕೆ? ಲೋಕದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಈ ಸೋಂಕಿದೆ. ಬಹುಮಂದಿಗೆ ಅದರ ಅರಿವೇ ಇರುವುದಿಲ್ಲ. ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ ಹುಣ್ಣು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 1994ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಆದರೂ ಭಾರತದಲ್ಲಿ ಸೋಂಕು ಹೆಚ್ಚಿದ್ದು ಜಠರದ ಕ್ಯಾನ್ಸರ್ ಅದಕ್ಕೆ ತಕ್ಕಷ್ಟಿಲ್ಲದಿರುವುದು ಇಂದಿಗೂ ಒಗಟಾಗಿದೆ. ಸೋಂಕು ಕಂಡರೆ ಮದ್ದು ಕೊಡುವುದೇ ಈಗಿನ ಪದ್ಧತಿಯಾದುದರಿಂದ, ನಿಜವಾದ ನಿರ್ಧಾರವು ಪರೀಕ್ಷೆಗೆ ಮೊದಲೇ ಆಗಬೇಕಾದುದು. ಹುಣ್ಣು ಇರುವವರು, ಹಿಂದೆ ಹುಣ್ಣಾಗಿದ್ದವರು, ಮನೆತನದಲ್ಲಿ ಜಠರದ ಕ್ಯಾನ್ಸರ್ ಕಂಡವರು, ಬಹುದಿನ ಹೊಟ್ಟೆಯುರಿಯಿಂದ ನರಳುವವರು, ಇವರಿಗೆ ಪರೀಕ್ಷೆ ತಕ್ಕದ್ದು.

ಶಹಾಬಾದಿನಲ್ಲಿ ಕಲ್ಲುಹಾಸುಗಳನ್ನು ಹೊರುವ ಒಬ್ಬ ಕಾರ್ಮಿಕನನ್ನು ಊಹಿಸಿಕೊಳ್ಳೋಣ. ಸೊಂಟನೋವಿಗೆ ದಿನವೂ ಮಾತ್ರೆ ನುಂಗುತ್ತಾನೆ, ಈಗ ಹೊಟ್ಟೆಯುರಿ. ನೋವಿನ ಮಾತ್ರೆಯೂ ಹುಣ್ಣು ಮಾಡಬಲ್ಲುದು, ಸೋಂಕೂ ಮಾಡಬಲ್ಲುದು. ಎರಡೂ ಕೂಡಿದರೆ ಅಪಾಯ ಹೆಚ್ಚು. ಅಂಗಡಿಯಿಂದ ತಂದ ಆಮ್ಲ ತಗ್ಗಿಸುವ ಗುಳಿಗೆ ಉರಿಯನ್ನು ಶಮನಮಾಡುತ್ತದೆಯೇ ಹೊರತು ಜೀವಿಯನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಪರೀಕ್ಷೆಯ ಕಣ್ಣಿಗೆ ಅದನ್ನು ಮರೆಮಾಡುತ್ತದೆ. ಒಮೆಪ್ರಜೋಲ್‌ನಂಥ ಗುಳಿಗೆಗಳನ್ನು ವೈದ್ಯರ ಸಲಹೆಯಂತೆ ಎರಡು ವಾರ ಬಿಟ್ಟು ಪರೀಕ್ಷೆಗೆ ಹೋಗಬೇಕೆನ್ನುವುದು ಇದಕ್ಕೇ. ಆತನಿಗೆ ಮಲ ಕಪ್ಪಾಗಿದ್ದರೆ, ರಕ್ತ ವಾಂತಿಯಾದರೆ, ಮೈತೂಕ ಇಳಿಯುತ್ತಿದ್ದರೆ ತಡಮಾಡದೆ ಕಲಬುರಗಿಯ ಆಸ್ಪತ್ರೆ ಸೇರಿ ಎಂಡೋಸ್ಕೋಪಿ ಮಾಡಿಸಿಕೊಳ್ಳತಕ್ಕದ್ದು.

ಒಂದೇ ಪ್ರತಿಜೀವಕದಿಂದ ಈ ಸೋಂಕು ತೊಲಗದು. ಆಮ್ಲ ತಗ್ಗಿಸುವ ಔಷಧ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಈ ನಾಲ್ಕನ್ನು 14 ದಿನ ಕೊಡುವುದು ಒಂದು ಮುಖ್ಯ ಕ್ರಮ. ಆಮಶಂಕೆಗೆಂದು ನಮ್ಮಲ್ಲಿ ಮೆಟ್ರೊನಿಡಜೋಲನ್ನು ಬೇಕಾದಂತೆ ನುಂಗಿರುವುದರಿಂದ ಅದಕ್ಕೆ ಬಗ್ಗದ ತಳಿಗಳು ಭಾರತದಲ್ಲಿ ಹೇರಳ. ಪೂರ್ಣ ಪ್ರಮಾಣದಲ್ಲಿ, ಪೂರ್ಣ ಅವಧಿಗೆ, ಬಿಸ್ಮತ್ ಸಹಿತ ಕೊಟ್ಟಾಗ ಈ ಅಡ್ಡಿಯನ್ನು ಬಹುಮಟ್ಟಿಗೆ ದಾಟಬಹುದು. ಬಾಯಿ ಕಹಿಯಾಗುತ್ತದೆ, ವಾಕರಿಕೆ ಬರುತ್ತದೆ. ಬಿಸ್ಮತ್‌ನಿಂದ ನಾಲಗೆಯೂ ಮಲವೂ ಕಪ್ಪಾಗುತ್ತವೆ. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿಯು ರಕ್ತಸ್ರಾವವೆಂದು ಹೆದರಿ ಐದನೆಯ ದಿನವೇ ಮದ್ದನ್ನು ಬಿಟ್ಟಾನು. ಉಳಿದ ಜೀವಿಗಳು ಇನ್ನಷ್ಟು ಮೊಂಡಾಗಬಹುದು.

ಮದ್ದು ಮುಗಿದು ನಾಲ್ಕು ವಾರವಾದರೂ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷೆ ಆಗಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳವರಿಗೆ ರೈಲಿದೆ. ಚಿಂಚೋಳಿಯವರು ಬಸ್ಸನ್ನೇ ನೆಚ್ಚಬೇಕು, ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳಬೇಕು. ಉರಿ ಅಡಗಿದವನು ಮತ್ತೆ ಬರುವುದು ಅಪರೂಪ. ಎರಡನೆಯ ಪ್ರಯಾಣದ ದಿನವನ್ನು ಮೊದಲ ಭೇಟಿಯಲ್ಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಆಗಲೂ ಸೋಂಕು ಉಳಿದಿದ್ದರೆ ವೈದ್ಯರು ಹಿಂದಿನ ಚೀಟಿಯನ್ನು ನೋಡಿ ಬೇರೆ ಪ್ರತಿಜೀವಕಗಳನ್ನು ಆರಿಸುತ್ತಾರೆ. ಆದುದರಿಂದ ಆ ಚೀಟಿಯನ್ನು ಕಾಪಾಡಿ ಇಟ್ಟುಕೊಂಡಿರಬೇಕು.