ವಿಡಿಯೋ ಆಟಗಳ ಉದ್ಯಮವೂ ಕಲಾ ಪದವೀಧರರೂ

"ಆಟವಾಡಿದರೆ ಹೊಟ್ಟೆ ತುಂಬುತ್ತದೆಯೆ?" ಎಂಬ ಪ್ರಶ್ನೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ನಾಡಿನಲ್ಲಿ ವಿರಳ. ಆಡುವುದರಿಂದ ತುಂಬುವುದು ಅಪರೂಪವೆಂದೇ ಇಟ್ಟುಕೊಳ್ಳೋಣ; ಆಟವನ್ನು ಕಟ್ಟುವುದರಿಂದ ತುಂಬೀತು ಎಂಬುದಕ್ಕೆ ಮಾತ್ರ ಇಂದು ಲೋಕದಲ್ಲೆಲ್ಲ ಸಾಕ್ಷಿಯುಂಟು. ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಆಡುವ ವಿಡಿಯೋ ಆಟಗಳ ತಯಾರಿಕೆಯು ಚಲನಚಿತ್ರ ತಯಾರಿಕೆಯಂತೆಯೇ ಒಂದು ಮಹೋದ್ಯಮವಾಗಿ ಬೆಳೆದಿದೆ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 2023ರ ಅಕ್ಟೋಬರಿನಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಒಂದೇ ಕಂಪನಿಯನ್ನು ಕೊಳ್ಳಲು ಸುಮಾರು 6,900 ಕೋಟಿ ಡಾಲರುಗಳನ್ನು ತೆತ್ತಿತೆಂದರೆ ಅದರ ಗಾತ್ರವನ್ನು ಊಹಿಸಿಕೊಳ್ಳಬಹುದು.

ಇಂಥ ಉದ್ಯಮದಲ್ಲಿ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದಿದ ಬಿ.ಎ. ಪದವೀಧರನಿಗೆ ಸ್ಥಾನವುಂಟೆ? ಅದು ಇಂಜಿನಿಯರುಗಳ ರಾಜ್ಯವೆಂಬುದು ಸಾಮಾನ್ಯ ನಂಬಿಕೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಪದವಿಯ ಮುಂದೆ ಏನೆಂದು ಕೇಳಿದರೆ ಮನೆಯಲ್ಲಿ ಉತ್ತರ ಹೇಳಬಲ್ಲ ಹಿರಿಯರಿಲ್ಲ. ಓದಿಸಿದ ಹಣ ಹೇಗೆ ಬಂತೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ಪ್ರಶ್ನೆಯನ್ನು ಹುಡುಗಾಟಿಕೆಗಾಗಿ ಎತ್ತಿದ್ದಲ್ಲವೆಂದು ವಾಚಕರು ತಿಳಿಯಬೇಕು.

ಉತ್ತರಕ್ಕಾಗಿ ಮೊದಲು ಜಪಾನಿನ ಕ್ಯೋಟೋ ನಗರಕ್ಕೆ ಹೋಗಬೇಕು. ಅಲ್ಲಿನ ನಿಂಟೆಂಡೊ ಕಂಪನಿ 1889ರಲ್ಲಿ ಹುಟ್ಟಿದ್ದು ಹನಫುಡ ಎಂಬ ಹೂಚಿತ್ರದ ಇಸ್ಪೀಟೆಲೆಗಳನ್ನು ಮಾಡುವುದಕ್ಕಾಗಿ. 1965ರಲ್ಲಿ ಆ ಎಲೆಗಳ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳಲು ಗುನ್ಪೆಯ್ ಯೋಕೋಯ್ ಎಂಬ ತರುಣ ನೇಮಕಗೊಂಡನು. ಯಂತ್ರಗಳು ಸರಿಯಾಗಿ ನಡೆಯುತ್ತಿದ್ದಾಗ ಮಾಡಲು ಕೆಲಸವಿರುತ್ತಿರಲಿಲ್ಲ. ಬಿಡುವಿನಲ್ಲಿ ತನ್ನ ಸಂತೋಷಕ್ಕೆಂದು ಅವನು, ದೂರದ ವಸ್ತುವನ್ನು ಚಾಚಿ ಹಿಡಿಯುವ ಮಡಿಸುಗೈಯೊಂದನ್ನು ಮಾಡಿಕೊಂಡನು. ಕಾರ್ಖಾನೆಗೆ ಬಂದ ಅಧ್ಯಕ್ಷ ಹಿರೋಶಿ ಯಾಮೌಚಿಯ ಕಣ್ಣಿಗೆ ಅದು ಬಿತ್ತು. ಗದರಿಸುವ ಬದಲು, ಇದನ್ನೇ ಮಾರಾಟಕ್ಕೆ ಸಿದ್ಧಗೊಳಿಸು ಎಂದು ಆತ ಆಜ್ಞಾಪಿಸಿದ. 1966ರಲ್ಲಿ ಹೊರಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಮೇಲೆ ಮಾರಾಟವಾಯಿತು.

ಇದೇ ಯೋಕೋಯ್ ಮುಂದೆ 1989ರಲ್ಲಿ ಗೇಮ್ ಬಾಯ್ ಎಂಬ ಕೈಯಾಟದ ಯಂತ್ರವನ್ನು ರೂಪಿಸಿದನು. ಹಳತಾಗಿ ಅಗ್ಗವಾದ ತಂತ್ರವನ್ನು ಯಾರೂ ಯೋಚಿಸದ ಕಡೆ ಬಳಸಬೇಕೆಂಬುದು ಅವನ ಸಿದ್ಧಾಂತ. ಪ್ರತಿಸ್ಪರ್ಧಿಗಳು ಬಣ್ಣದ ಪರದೆ ಕೊಟ್ಟರು. ಅವು ನಾಲ್ಕೈದು ಗಂಟೆಗಳಲ್ಲಿ ಬ್ಯಾಟರಿಗಳನ್ನು ನುಂಗಿಬಿಡುತ್ತಿದ್ದವು. ಯೋಕೋಯ್ ಬಣ್ಣವಿಲ್ಲದ ಪರದೆಯನ್ನಿಟ್ಟು, ನಾಲ್ಕು ಬ್ಯಾಟರಿಗಳಲ್ಲಿ ಹತ್ತು ಗಂಟೆಗೂ ಮಿಕ್ಕಿ ನಡೆಯುವಂತೆ ಮಾಡಿದನು. ನಂತರದ ಬಣ್ಣದ ಆವೃತ್ತಿಯೂ ಸೇರಿ 11 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಈ ಸಿದ್ಧಾಂತ ಪ್ರಿಯವಾಗದೆ ಇರದು.

ಯೋಕೋಯ್ ಓದಿದ್ದಾದರೂ ಇಲೆಕ್ಟ್ರಾನಿಕ್ಸ್. ಅವನ ಮೇಲ್ವಿಚಾರಣೆಯಲ್ಲಿ ಬೆಳೆದ ಶಿಗೆರು ಮಿಯಾಮೊಟೊ ಅದನ್ನೂ ಓದಿದವನಲ್ಲ. ಕನಾಜಾವಾದ ಕಲಾ ಕಾಲೇಜಿನಲ್ಲಿ ವಸ್ತುವಿನ್ಯಾಸ ಕಲಿತ ಆತನಿಗೆ ಚಿತ್ರಕಥೆಗಳನ್ನು ಬರೆಯುವ ಆಸೆಯಿತ್ತು. ತಂದೆ ಸ್ನೇಹಿತರೊಬ್ಬರ ಮೂಲಕ ಯಾಮೌಚಿಯ ಭೇಟಿ ಮಾಡಿಸಿದರು. (ಶಿಫಾರಸು ಎಲ್ಲ ದೇಶಗಳಲ್ಲಿಯೂ ಇದೆ!) ಆದರೆ ಶಿಫಾರಸು ಬಾಗಿಲವರೆಗೆ ಮಾತ್ರ ಬಂತು. ನೀನು ಮಾಡಿದ್ದೇನಾದರೂ ತೋರಿಸು ಎಂದಾಗ ಮಿಯಾಮೊಟೊ, ಮಕ್ಕಳ ಬಟ್ಟೆ ತೂಗುಹಾಕಲು ತಾನು ಮಾಡಿದ ಪ್ರಾಣಿಯಾಕಾರದ ಹ್ಯಾಂಗರುಗಳನ್ನು ಮುಂದಿಟ್ಟನು. 1977ರಲ್ಲಿ ಕೆಲಸ ಸಿಕ್ಕಿತು.

ಮೂರು ನಾಲ್ಕು ವರ್ಷಗಳಲ್ಲಿ ಕಂಪನಿಗೆ ಸಂಕಟ ಬಂತು. ರೇಡಾರ್ ಸ್ಕೋಪ್ ಎಂಬ ಆಟದ ಪೆಟ್ಟಿಗೆಗಳು ಅಮೆರಿಕದಲ್ಲಿ ಮಾರಾಟವಾಗದೆ ಸುಮಾರು 2,000 ಉಳಿದುಹೋದವು. ಅವೇ ಪೆಟ್ಟಿಗೆಗಳಿಗೆ ಹೊಸ ಆಟವೊಂದನ್ನು ಯೋಚಿಸೆಂದು ಮಿಯಾಮೊಟೊಗೆ ಹೇಳಲಾಯಿತು. ಅವನು ಮೊದಲು ಯೋಚಿಸಿದ್ದು ಕಥೆಯನ್ನು: ಒಂದು ಗೊರಿಲ್ಲ ತನ್ನ ಯಜಮಾನನಾದ ಬಡಗಿಯ ಪ್ರಿಯೆಯನ್ನು ಎತ್ತಿಕೊಂಡು ಹೋಗುತ್ತದೆ, ಬಡಗಿ ಉರುಳಿ ಬರುವ ಪೀಪಾಯಿಗಳನ್ನು ಜಿಗಿಯುತ್ತ ಮೇಲೇರಬೇಕು. 1981ರ ಡಾಂಕಿ ಕಾಂಗ್ ಎಂಬ ಆಟವಿದು. ಬಡಗಿಯ ಚಿತ್ರಕ್ಕೆ ದೊರೆತ ಚುಕ್ಕೆಗಳು ಬೆರಳೆಣಿಕೆಯಷ್ಟು. ಬಾಯಿ ಬರೆಯಲು ಸ್ಥಳವಿಲ್ಲ, ಮೀಸೆಯಿಟ್ಟನು. ಕೂದಲು ಬರೆಯುವುದು ಕಷ್ಟ, ಟೋಪಿ ಹಾಕಿದನು. ಲೋಕಪ್ರಸಿದ್ಧನಾದ ಮಾರಿಯೋ ಹುಟ್ಟಿದ್ದು ಹೀಗೆ. ಪ್ರೋಗ್ರಾಮನ್ನು ಬರೆದವರು ಬೇರೆ ಕಂಪನಿಯ ಇಂಜಿನಿಯರುಗಳು. ಅವರಿಲ್ಲದೆ ಆಟವಿಲ್ಲ ನಿಜ. ಕಥೆಯಿಲ್ಲದಿದ್ದರೆ ಆ ಪೆಟ್ಟಿಗೆಗಳು ಉಗ್ರಾಣದಲ್ಲಿಯೇ ಉಳಿಯುತ್ತಿದ್ದವು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಸಮೀಪದ ಉದಾಹರಣೆ ಅಮೆರಿಕದ ಏಮಿ ಹೆನ್ನಿಗ್. ಬರ್ಕ್ಲಿಯಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಪಡೆದು ಚಲನಚಿತ್ರ ಶಾಸ್ತ್ರವನ್ನು ಓದುತ್ತಿದ್ದ ಈಕೆ, ಅಟಾರಿಯ ಆಟವೊಂದಕ್ಕೆ ಚಿತ್ರ ಬರೆಯುವ ಕೆಲಸ ಹಿಡಿದು ಈ ಕ್ಷೇತ್ರಕ್ಕೆ ಬಂದರು. 2007ರಲ್ಲಿ ಆರಂಭವಾದ ಅನ್‌ಚಾರ್ಟೆಡ್ ಎಂಬ ಸಾಹಸದಾಟಗಳ ಮಾಲೆಯ ಮೊದಲ ಮೂರು ಆಟಗಳ ಬರವಣಿಗೆಗೂ ಸೃಜನಾತ್ಮಕ ನಿರ್ದೇಶನಕ್ಕೂ ನೇತೃತ್ವ ವಹಿಸಿದವರು ಅವರೇ.

ಎರಿಕ್ ಬರೋನ್ ಎಂಬಾತನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪೂರ್ತಿ ಹೇಳುವವರು ಕಡಿಮೆ. 2011ರಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದು ನೌಕರಿ ಸಿಗದ ಆತ, ಸಿಯಾಟಲ್ ನಗರದ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸ ಮಾಡುತ್ತ, ನಾಲ್ಕೂವರೆ ವರ್ಷ ಒಬ್ಬನೇ ಕೂತು ಚಿತ್ರ, ಸಂಗೀತ, ಮಾತು, ಪ್ರೋಗ್ರಾಂ ಎಲ್ಲವನ್ನೂ ಮಾಡಿ, 2016ರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟವನ್ನು ಹೊರತಂದನು. 2024ರ ಡಿಸೆಂಬರ್ ಹೊತ್ತಿಗೆ ಅದರ 4 ಕೋಟಿ 10 ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಕಚೇರಿಯ ಕೆಲಸ ಬಿಟ್ಟು ಅಜ್ಜನ ಹೊಲಕ್ಕೆ ಮರಳುವುದು ಅದರ ಕಥೆ. ನಮ್ಮ ಕಡೆಯ ಹೊಲಗಳು ಅಷ್ಟು ಬೇಗ ಫಲ ಕೊಡುವುದಿಲ್ಲವೆಂಬುದು ಬೇರೆ ಮಾತು! ಆ ವರ್ಷಗಳಲ್ಲಿ ಆತನ ಸಂಗಾತಿ ದುಡಿದು ಮನೆ ನಡೆಸಲು ನೆರವಾದಳೆಂಬುದನ್ನು ಕಥೆಯಿಂದ ಬಿಡಬಾರದು. ಮನೆಗೆ ತಿಂಗಳ ಸಂಬಳ ಕಳುಹಿಸಬೇಕಾದವರು ನಾಲ್ಕೂವರೆ ವರ್ಷ ಹೀಗೆ ಕೂರಲಾರರು. ನನ್ನ ದೃಷ್ಟಿಯಲ್ಲಿ ಬರೋನನಿಗಿಂತ ಯೋಕೋಯ್ ನಮಗೆ ಹತ್ತಿರದವನು. ಸಂಬಳದ ಕೆಲಸದ ಪಕ್ಕದಲ್ಲಿಯೇ ತನ್ನ ವಸ್ತುವನ್ನು ಮಾಡಿಕೊಂಡವನು ಅವನು.

ಇನ್ನು ಈ ಉದ್ಯಮದಲ್ಲಿರುವ ಕೆಲಸಗಳು. ಪ್ರೋಗ್ರಾಮರ್, ಚಿತ್ರಕಾರ, ಧ್ವನಿಕಾರ, ನಿಯಮಗಳನ್ನು ಹೆಣೆಯುವ ಡಿಸೈನರ್, ಕಥೆಗಾರ, ಪರೀಕ್ಷಕ, ಭಾಷಾಂತರಕಾರ ಎಂದು ಹಲವುಂಟು. ಹೊಸಬರು ಅನೇಕ ವೇಳೆ ಪರೀಕ್ಷಕರಾಗಿ ಒಳಹೋಗುತ್ತಾರೆ. ಇದು ದಿನವಿಡೀ ಆಡಿ ನಲಿಯುವ ಕೆಲಸವೆಂದು ಭಾವಿಸುವುದು ಸಲ್ಲದು. ಒಂದೇ ಗೋಡೆಗೆ ನೂರು ಸಲ ಡಿಕ್ಕಿ ಹೊಡೆಯಬೇಕು. "ಆಟ ಕೆಟ್ಟಿದೆ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಮೂರನೆಯ ಹಂತದಲ್ಲಿ ಏಣಿಯಿಂದ ಎಡಕ್ಕೆ ಜಿಗಿದರೆ ಹತ್ತರಲ್ಲಿ ಏಳು ಸಲ ಪಾತ್ರವು ಗೋಡೆಯೊಳಗೆ ಸಿಕ್ಕಿಬೀಳುತ್ತದೆ" ಎಂದು ಬರೆಯಬೇಕು. ಸ್ಪಷ್ಟವಾಗಿ ಬರೆಯಬಲ್ಲವರಿಗೆ ಇಲ್ಲಿ ಬೆಲೆಯುಂಟು.

ಭಾಷಾಂತರದ ವಿಷಯದಲ್ಲಿ ಕನ್ನಡ ಓದಿದವರು ಹೇಳಬೇಕಾದದ್ದು ಬಹಳ. ಆಟದಲ್ಲಿ ವಾಕ್ಯಗಳನ್ನು ಮೊದಲೇ ಬರೆದಿಟ್ಟು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ; ಆಡುವಾಗ ಹೆಸರು ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಯಾರ ಹೆಸರು ಬಂದರೂ 'ಬೀಗದ ಕೈಯನ್ನು ತೆಗೆದುಕೊಂಡ' ಕ್ರಿಯಾಪದ ಅಲುಗುವುದಿಲ್ಲ. ಕನ್ನಡದಲ್ಲಾದರೋ ರಾಮ ತೆಗೆದುಕೊಂಡನು, ಸೀತೆ ತೆಗೆದುಕೊಂಡಳು, ಅಜ್ಜಿ ತೆಗೆದುಕೊಂಡರು, ಕೋತಿ ತೆಗೆದುಕೊಂಡಿತು. ಚತುರ್ಥಿ ವಿಭಕ್ತಿ ಬಂತೋ, ತೊಡಕು ಇಮ್ಮಡಿ: ರಾಮನಿಗೆ, ಸೀತೆಗೆ, ಗುರುವಿಗೆ, ಮರಕ್ಕೆ. ಖಾಲಿ ಜಾಗದ ಮುಂದೆ ಬರಿಯ 'ಗೆ' ಅಂಟಿಸಿದರೆ ಪರದೆಯ ಮೇಲೆ 'ಮರಗೆ' ಎಂದು ಮೂಡುತ್ತದೆ. ಪ್ರೋಗ್ರಾಮರನಿಗೆ ಇದು ತಿಳಿದಿರಬೇಕೆಂದಿಲ್ಲ. ಪ್ರತಿಯೊಂದು ಹೆಸರಿನ ಜೊತೆಗೆ ಅದರ ಲಿಂಗ, ವಚನ, ವಿಭಕ್ತಿರೂಪಗಳ ಪಟ್ಟಿಯನ್ನು ಕೊಡಬೇಕೆಂದು ಹೇಳುವುದು ವ್ಯಾಕರಣ ಬಲ್ಲವನ ಕೆಲಸ. ಕೇಶಿರಾಜನ ಪಾಠದಲ್ಲಿ ಆಕಳಿಸಿದ ನನ್ನ ಸಹಪಾಠಿಗಳು ಇದನ್ನು ಗಮನಿಸಬೇಕು.

ಪ್ರಾರಂಭಿಸುವ ಬಗೆ ಹೇಗೆ? ತರಬೇತಿ ಕೊಡುತ್ತೇವೆಂದು ಲಕ್ಷಗಟ್ಟಲೆ ಶುಲ್ಕ ಕೇಳುವ ಸಂಸ್ಥೆಗಳುಂಟು. ಸಾಲ ಮಾಡಿ ಅಲ್ಲಿಗೆ ಸೇರುವ ಮೊದಲು ಪುಕ್ಕಟೆಯಾಗಿ ಸಿಗುವುದನ್ನು ಮುಗಿಸಿ ನೋಡುವುದು ವಿವೇಕ. ಗೋಡೋ ಎಂಬ ಆಟದ ಎಂಜಿನ್, ಬ್ಲೆಂಡರ್ ಎಂಬ ಚಿತ್ರದ ಉಪಕರಣ, ಕವಲೊಡೆಯುವ ಕಥೆಗಳನ್ನು ಕಟ್ಟುವ ಟ್ವೈನ್, ಈ ಮೂರಕ್ಕೂ ಬೆಲೆಯಿಲ್ಲ. ಟ್ವೈನ್ ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ, ಪ್ರೋಗ್ರಾಂ ಬಾರದವರೂ ಒಂದು ವಾರದಲ್ಲಿ ಕಲಿಯಬಹುದು. 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜಾಮ್ ಎಂಬ ಕೂಟದ ರೂಢಿಯಂತೆ ಅಪರಿಚಿತರು ಗುಂಪುಗೂಡಿ 48 ಗಂಟೆಗಳಲ್ಲಿ ಆಟವೊಂದನ್ನು ಕಟ್ಟುತ್ತಾರೆ. ಹೀಗೆ ಮುಗಿಸಿದ ಪುಟ್ಟ ಆಟ, ಅರ್ಧಕ್ಕೆ ನಿಂತ ಮಹಾಭಾರತಕ್ಕಿಂತ ಸಂದರ್ಶನದಲ್ಲಿ ಹೆಚ್ಚು ಮಾತನಾಡುತ್ತದೆ.

ವಿನ್ಯಾಸ ಕಲಿಯಲು ಕಂಪ್ಯೂಟರೂ ಬೇಡ, ಚೌಕಾಬಾರ ಸಾಕು. ನಮ್ಮ ಕಡೆಯ ರೂಢಿಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗಳಿಗೆ ಹೋಗುವಂತಿಲ್ಲ. ಈ ನಿಯಮ ಏಕಿದೆ? ಅದನ್ನು ತೆಗೆದು ಹತ್ತು ಸಲ ಆಡಿ ನೋಡಿದರೆ ತಿಳಿಯುತ್ತದೆ: ಎಲ್ಲರೂ ತಮ್ಮ ಪಾಡಿಗೆ ತಾವು ಓಡುತ್ತಾರೆ, ಜಗಳವೇ ಇಲ್ಲ, ಸ್ವಾರಸ್ಯವೂ ಇಲ್ಲ. ನಿಯಮವೊಂದನ್ನು ಬದಲಿಸಿ, ಆಡುವವರ ಮುಖ ನೋಡಿ, ಕಂಡದ್ದನ್ನು ಬರೆದಿಡುವುದೇ ಡಿಸೈನರನ ನಿತ್ಯದ ಕಸಬು.

ನಮ್ಮ ರಾಜ್ಯಕ್ಕೆ ಈ ಉದ್ಯಮ ಹೊಸದಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸ್ಥಾಪಿಸಿದರು; ಭಾರತದ ಮೊದಲ ಆಟದ ಸ್ಟುಡಿಯೋಗಳಲ್ಲಿ ಅದೊಂದು. ವಿದೇಶಿ ಆಟಗಳಿಗೆ ಬೇಕಾದ ವಾಹನ, ಕಟ್ಟಡಗಳ ಚಿತ್ರಕೆಲಸ ಅಲ್ಲಿ ನಡೆಯುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿತು. ಈಗಿನದು 2024ರಿಂದ 2029ರವರೆಗಿನ ನೀತಿ. ನಮ್ಮದೇ ಕಥೆ ಹೇಳುವ ಪ್ರಯತ್ನವೂ ದೇಶದಲ್ಲಿ ನಡೆದಿದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡ 2017ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟದಿದ್ದರೂ, ಪುರಾಣದ ಹಿನ್ನೆಲೆಯ ರಾಜಿ ಎಂಬ ಆಟವನ್ನು 2020ರಲ್ಲಿ ಹೊರತಂದಿತು.

ಎರಡು ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳು ಬೇರೆ, ನಾನು ಹೇಳುತ್ತಿರುವ ಆಟಗಳು ಬೇರೆ. ಮೊದಲನೆಯವನ್ನು ಸಂಸತ್ತು 2025ರ ಆಗಸ್ಟಿನ ಕಾಯ್ದೆಯಿಂದ ನಿಷೇಧಿಸಿತು. ಮನೆಯಲ್ಲಿ "ಗೇಮಿಂಗ್" ಎಂದೊಡನೆ ಹಿರಿಯರು ಬೆಚ್ಚುವುದು ಈ ಎರಡನ್ನೂ ಒಂದೆಂದು ತಿಳಿಯುವುದರಿಂದ. ಎರಡನೆಯದಾಗಿ, ಕೆಲಸ ಭದ್ರವಲ್ಲ. ಮೇಲೆ ಹೇಳಿದ 6,900 ಕೋಟಿ ಡಾಲರಿನ ಖರೀದಿಯಾಗಿ ಮೂರೇ ತಿಂಗಳಿಗೆ, 2024ರ ಜನವರಿಯಲ್ಲಿ, ಮೈಕ್ರೋಸಾಫ್ಟ್ ತನ್ನ ಆಟದ ವಿಭಾಗದಿಂದ 1,900 ಜನರನ್ನು ತೆಗೆಯಿತು.

ಆದಕಾರಣ ಸರ್ಕಾರಿ ನೌಕರಿಯ ಪರೀಕ್ಷೆಗಳನ್ನು ಕೈಬಿಡಿರೆಂದು ಯಾರಿಗೂ ಹೇಳಲಾರೆ. ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ನಾನೂ ಓದುತ್ತಿದ್ದೇನೆ. ಜೊತೆಗೆ ನಾನೂ ಇಬ್ಬರು ಸಹಪಾಠಿಗಳೂ ಟ್ವೈನಿನಲ್ಲಿ, ಬರಗಾಲದ ವರ್ಷ ಊರು ಬಿಡಬೇಕೋ ಬೇಡವೋ ಎಂದು ಆಡುವವನೇ ನಿರ್ಧರಿಸುವ ಕನ್ನಡ ಆಟವೊಂದನ್ನು ಆರಂಭಿಸಿದ್ದೇವೆ. ಇಪ್ಪತ್ತು ನಿಮಿಷಗಳಲ್ಲಿ ಮುಗಿಯುವಂಥದು. ಗ್ರಂಥಾಲಯದ ಕಂಪ್ಯೂಟರುಗಳನ್ನು ಬೇಸಗೆಯ ರಜೆಯಲ್ಲಿಯೂ ದಿನಕ್ಕೆರಡು ಗಂಟೆ ತೆರೆದಿಡಬೇಕೆಂದು ಪೂಜ್ಯ ಪ್ರಾಂಶುಪಾಲರಲ್ಲಿಯೂ ಗ್ರಂಥಪಾಲಕರಲ್ಲಿಯೂ ವಿನಂತಿಸುತ್ತೇನೆ. ಚಿತ್ರ ಬರೆಯಬಲ್ಲ ಒಬ್ಬರು ನಮಗೆ ಬೇಕಾಗಿದ್ದಾರೆ.